ಹುಡುಕಿದರೆ ಸಿಗದ ಪುಸ್ತಕ

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಲು ಹಣ ಮಂಜೂರಾದಾಗಲೆಲ್ಲ ಇಷ್ಟು ಲಕ್ಷ ಪುಟ ಆಯಿತು ಎಂಬ ಲೆಕ್ಕ ಸಿದ್ಧವಾಗುತ್ತದೆ. ಆ ಪುಟಗಳಲ್ಲಿ ಎಷ್ಟು ಓದುಗರ ಕಣ್ಣಿಗೆ ಬಿದ್ದವು ಎಂದು ಯಾರೂ ಕೇಳುವುದಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆ ಮುಂಚೂಣಿಯಲ್ಲಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಸಾವಿರಾರು ಕನ್ನಡ ಪುಸ್ತಕಗಳನ್ನು ಉಳಿಸಿಕೊಟ್ಟಿತು. ಆ ಉಪಕಾರ ದೊಡ್ಡದು. ಆದರೆ ಪುಸ್ತಕದ ಹೆಸರು, ಲೇಖಕರ ಹೆಸರು ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ, ಬರೆದವರಿಗೆ ತೋಚಿದ ಕಾಗುಣಿತದಲ್ಲಿ ದಾಖಲಾದವು. ಕನ್ನಡದಲ್ಲಿ ಟೈಪಿಸಿ ಹುಡುಕಿದವರು ಬರಿಗೈಯಲ್ಲಿ ಮರಳಿದರು. ಕೊನೆಗೆ ‘ಪುಸ್ತಕ ಸಂಚಯ’ ಎಂಬ ಯೋಜನೆಯ ಸ್ವಯಂಸೇವಕರು ಆ ಹೆಸರುಗಳನ್ನು ಕನ್ನಡಕ್ಕೆ ತಂದರು. ಸಂಬಳ ಕೊಟ್ಟು ಮಾಡಿಸಬೇಕಿದ್ದ ಕೆಲಸ ಅದು. ಮುಂದೆ ಮೂಲ ಜಾಲತಾಣವೇ ನಿಂತಾಗ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿಗಳಿದ್ದದ್ದು ನಮ್ಮ ಪುಣ್ಯ.

ಪುಸ್ತಕದ ವಿವರ ಬರೆಯಲು ವಿದ್ವತ್ತು ಬೇಕು. ಶೀರ್ಷಿಕೆ ಪುಟದಲ್ಲಿ ‘ವಿಜಯ ಸಂವತ್ಸರ’ ಎಂದಷ್ಟೇ ಇದೆ ಎನ್ನಿ. 1893–94 ಕೂಡ ವಿಜಯವೇ, 1953–54 ಕೂಡ ವಿಜಯವೇ. ಅಚ್ಚಿನ ಮೊಳೆ ಯಾವ ಕಾಲದ್ದು, ಮುದ್ರಣಾಲಯ ಯಾವುದು, ಮುನ್ನುಡಿ ಬರೆದವರು ಯಾರು ಎಂದೆಲ್ಲ ನೋಡಿ ತೀರ್ಮಾನಿಸಬೇಕು. ಅಂದಾಜಿಗೆ ಒಂದು ಇಸವಿ ತುಂಬಿಸಿದರೆ ಅರವತ್ತು ವರ್ಷ ಹೆಚ್ಚುಕಡಿಮೆಯಾಗುತ್ತದೆ. ಅದನ್ನೇ ನಂಬಿ ಯಾರೋ ಪಿಎಚ್.ಡಿ. ಪ್ರಬಂಧ ಬರೆಯುತ್ತಾರೆ.

ಲೇಖಕರು ತೀರಿಕೊಂಡ ವರ್ಷವೂ ಬೇಕೇ ಬೇಕು. ಬದುಕಿದ್ದಾಗ ಪ್ರಕಟವಾದ ಕೃತಿಗಳಿಗೆ ನಮ್ಮ ಕಾಯ್ದೆಯ ಪ್ರಕಾರ, ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ. 1946ರಲ್ಲಿ ಹೋದ ಬಿ.ಎಂ.ಶ್ರೀ ಅವರ ಅಂಥ ಕೃತಿಗಳು 2007ರಿಂದ ಎಲ್ಲರ ಸ್ವತ್ತು. 1994ರಲ್ಲಿ ಹೋದ ಕುವೆಂಪು ಅವರವಕ್ಕೆ 2054ರ ಕೊನೆಯವರೆಗೂ ಹಕ್ಕುಸ್ವಾಮ್ಯವಿದೆ. ಈ ಒಂದು ಇಸವಿ ದಾಖಲಾಗದಿದ್ದರೆ, ಯಾಕೆ ಉಸಾಬರಿ ಎಂದು ಅಧಿಕಾರಿಗಳು ಮುಕ್ತವಾಗಿಡಬೇಕಾದ ಪುಸ್ತಕಕ್ಕೂ ಬೀಗ ಜಡಿಯುತ್ತಾರೆ.

ಹಾಗಾಗಿ ಪುಟಕ್ಕಿಷ್ಟು ಎಂದು ಟೆಂಡರ್ ಕರೆಯುವ ಮೊದಲು ಕನ್ನಡ ಬಲ್ಲ ಗ್ರಂಥಪಾಲಕರ ಸಂಬಳಕ್ಕೆ ಹಣ ತೆಗೆದಿಡಬೇಕು. ಒತ್ತಕ್ಷರ ಮಸುಕಾದ, ಸಾಲಿನ ಕೊನೆ ಹೊಲಿಗೆಯೊಳಗೆ ಸಿಕ್ಕಿಕೊಂಡ ಪುಟವನ್ನು ಮತ್ತೆ ಸ್ಕ್ಯಾನ್ ಮಾಡಿಸುವ ಅಧಿಕಾರ ಅವರಿಗೇ ಇರಬೇಕು. ಒಂದು ಜಾಲತಾಣ ನಿಂತರೂ ಪುಸ್ತಕ ಉಳಿಯುವಂತೆ ಬೇರೆ ಬೇರೆ ಊರುಗಳಲ್ಲಿ ಸ್ಕ್ಯಾನ್ ಪ್ರತಿಗಳಿರಬೇಕು. ಇದರಿಂದ ವರ್ಷಕ್ಕೆ ಸ್ಕ್ಯಾನ್ ಆಗುವ ಪುಸ್ತಕಗಳ ಸಂಖ್ಯೆ ಕಡಿಮೆಯಾಗುವುದು ಖಂಡಿತ. ಅದನ್ನು ಒಪ್ಪಿಕೊಂಡೇ ಸರ್ಕಾರ ಹಣ ಬಿಡುಗಡೆ ಮಾಡಲಿ.