ಮೊದಲ ದೂರದರ್ಶಕ

ಆಕಾಶವನ್ನು ನೋಡಬೇಕೆಂದು ಆಸೆಪಡುವ ಮಕ್ಕಳಿಗೆ ದೂರದರ್ಶಕ ಕೊಡಿಸುವ ತಾಯಿತಂದೆಗಳು ಈಗ ನಮ್ಮಲ್ಲಿ ವಿರಳರಲ್ಲ. ಇದು ಸಂತೋಷದ ಸಂಗತಿಯೇ. ಆದರೆ ಅಂಗಡಿಯಲ್ಲಿ ಅವರು ಮೊದಲು ಕೇಳುವುದು, "ಇದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?" ಎಂದು. ಡಬ್ಬಿಯ ಮೇಲೆ "500 ಪಟ್ಟು" ಎಂದು ಅಚ್ಚಾಗಿದ್ದರೆ ವ್ಯಾಪಾರ ಮುಗಿದಂತೆಯೇ. ಈ ಪ್ರಶ್ನೆಯೇ ದಾರಿ ತಪ್ಪಿಸುವಂಥದೆಂದು ನನ್ನ ಅಭಿಪ್ರಾಯ.

ದೂರದರ್ಶಕದ ಮೊದಲ ಕೆಲಸ ಬೆಳಕನ್ನು ಕೂಡಿಹಾಕುವುದು. ಕತ್ತಲಿಗೆ ಒಗ್ಗಿದ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರಿನಷ್ಟು ತೆರೆದೀತು. 150 ಮಿಲಿಮೀಟರ್ ಅಗಲದ ದರ್ಪಣ ಅದರ ಸುಮಾರು 450 ಪಾಲು ಬೆಳಕನ್ನು ಹಿಡಿಯುತ್ತದೆ. ಬಿಂಬವನ್ನು ಹಿಗ್ಗಿಸುವುದಕ್ಕೂ ಈ ಅಗಲವೇ ಎಲ್ಲೆ. ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಬಲ್ಲವರ ಲೆಕ್ಕ. 60 ಮಿಲಿಮೀಟರಿನ ಮಸೂರವನ್ನು 120 ಪಟ್ಟು ಮೀರಿ ದುಡಿಸಿದರೆ ಬಿಂಬದೊಡನೆ ಮಸುಕೂ ಬೆಳೆಯುತ್ತದೆ, ಅಷ್ಟೆ. 1610ರಲ್ಲಿ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡ ಗೆಲಿಲಿಯೋನ ಉಪಕರಣದ ಶಕ್ತಿ ಸುಮಾರು 20 ಪಟ್ಟು ಮಾತ್ರ.

ಎರಡನೆಯದು, ಪೀಠದ ಸ್ಥಿರತೆ. ಸಡಿಲವಾದ ಮುಕ್ಕಾಲಿಯ ಮೇಲೆ ಶನಿಯ ಉಂಗುರ ಗಾಳಿ ಬೀಸಿದರೆ ಕುಣಿಯುತ್ತದೆ, ಕೈ ತಾಗಿದರೆ ಮಾಯವಾಗುತ್ತದೆ. ಅಮೆರಿಕದಲ್ಲಿ ರಾಮಕೃಷ್ಣ ಪರಂಪರೆಯ ಸಂನ್ಯಾಸಿಯಾಗಿದ್ದ ಜಾನ್ ಡಾಬ್ಸನ್ನರು 1967ರಲ್ಲಿ ಆಶ್ರಮವನ್ನು ಬಿಟ್ಟ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಬದಿಯಲ್ಲಿ ದಾರಿಹೋಕರಿಗೆ ಆಕಾಶ ತೋರಿಸಿದರು. ದೊಡ್ಡ ದರ್ಪಣವನ್ನು ಮರದ ಹಲಗೆಯ ತಗ್ಗಾದ ಪೀಠದ ಮೇಲೆ ಕೂರಿಸುವ ಅವರ ಸರಳ ವಿಧಾನಕ್ಕೆ ಇಂದು ಅವರದೇ ಹೆಸರಿದೆ. ಹೊಸಬರಿಗೆ ಇದಕ್ಕಿಂತ ಮೇಲಾದುದು ಅಪೂರ್ವ.

ಅಷ್ಟು ಹಣ ಒದಗದಿದ್ದರೆ? ಅಗ್ಗದ ಆಟಿಕೆಯ ಬದಲು 50 ಮಿಲಿಮೀಟರ್ ಮಸೂರಗಳ, 7 ಅಥವಾ 10 ಪಟ್ಟಿನ ಬೈನಾಕ್ಯುಲರ್ ಕೊಳ್ಳುವುದು ಲೇಸು. ಮೊಣಕೈಗಳನ್ನು ಗೋಡೆಗೆ ಊರಿ ನೋಡಿದರೆ ಚಂದ್ರನ ಕುಳಿಗಳು, ಕೃತ್ತಿಕೆಯ ತಾರಾಗುಚ್ಛ, ಗುರುವಿನ ಚಂದ್ರರು ಕಾಣುತ್ತಾರೆ. ಮುಂದೆ ದೂರದರ್ಶಕ ಬಂದಾಗಲೂ ಅದು ಮೂಲೆ ಸೇರುವುದಿಲ್ಲ. ಆದರೆ ಯಾವ ಉಪಕರಣದಿಂದಲೂ ಸೂರ್ಯನನ್ನು ನೇರವಾಗಿ ನೋಡಕೂಡದು. ಕ್ಷಣದಲ್ಲಿ ಕಣ್ಣು ಹೋದೀತು.

ಕಳಪೆ ಉಪಕರಣದಿಂದ ನಿರಾಶರಾದ ಮಕ್ಕಳು ಉಪಕರಣವನ್ನು ದೂರುವುದಿಲ್ಲ. ಆಕಾಶದಲ್ಲಿ ನೋಡತಕ್ಕದ್ದೇನೂ ಇಲ್ಲವೆಂದು ತಿಳಿದು ಸುಮ್ಮನಾಗುತ್ತಾರೆ. ಕಳೆದ ಹಣವನ್ನು ಮತ್ತೆ ಗಳಿಸಬಹುದು, ಆರಿದ ಕುತೂಹಲವನ್ನು ಹೊತ್ತಿಸುವುದು ಕಷ್ಟ. ಆದುದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ: ಅಗಲವೆಷ್ಟು? ಪೀಠ ಅಲುಗುವುದಿಲ್ಲವಷ್ಟೆ?