ಹುಟ್ಟಲಿರುವ ಜೀವದ ಮೇಲೆ ಯಾರ ಅಧಿಕಾರ?

2018ರ ನವೆಂಬರಿನಲ್ಲಿ ಚೀನದ ವಿಜ್ಞಾನಿ ಹೆ ಜಿಯಾಂಕುಯಿ, ತಾನು ಭ್ರೂಣದಲ್ಲಿಯೇ ವಂಶವಾಹಿ ತಿದ್ದಿದ ಅವಳಿ ಹೆಣ್ಣುಶಿಶುಗಳು ಜನಿಸಿವೆಯೆಂದು ಸಾರಿದನು. ತಂದೆಗೆ ಎಚ್‌ಐವಿ ಸೋಂಕಿತ್ತು. ಆ ವೈರಾಣು ರಕ್ತಕಣವನ್ನು ಹೊಗುವ ಸಿಸಿಆರ್-5 ಎಂಬ ದ್ವಾರವನ್ನು ಮುಚ್ಚಿ ಮಕ್ಕಳನ್ನು ರಕ್ಷಿಸಿದೆನೆಂಬುದು ಆತನ ವಾದ. ಇದನ್ನು ಕರುಣೆಯೆಂದು ಹೊಗಳಿದವರೂ ಉಂಟು.

ಎಂತಹ ಕರುಣೆ! ವೀರ್ಯವನ್ನು ತೊಳೆದು ಸೋಂಕಿಲ್ಲದ ಮಗುವನ್ನು ಪಡೆಯುವ ವಿಧಾನ ಆಗಲೇ ರೂಢಿಯಲ್ಲಿತ್ತು. ಆತನೂ ಅದನ್ನು ಬಳಸಿದ್ದನು. ಮತ್ತೆ ತಿದ್ದಿದ್ದು ಯಾವ ರೋಗವನ್ನು? ಒಂದು ಶಿಶುವಿನಲ್ಲಿ ಆ ವಂಶವಾಹಿಯ ಎರಡು ಪ್ರತಿಗಳಲ್ಲೊಂದು ಬದಲಾಗದೆಯೇ ಉಳಿದಿತ್ತು. ಅದು ತಿಳಿದೂ ಭ್ರೂಣವನ್ನು ಗರ್ಭದಲ್ಲಿರಿಸಲಾಯಿತು. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮಾದದೊಡನೆ ಬೆಸೆದಿದೆ. ಇಲ್ಲಿ ಪ್ರಮಾದದ ಜೊತೆಗೆ ಮಾನಕಷಾಯವೂ ಸೇರಿತು. 2019ರ ಡಿಸೆಂಬರಿನಲ್ಲಿ ಚೀನದ ನ್ಯಾಯಾಲಯ ಆತನಿಗೆ ಮೂರು ವರ್ಷ ಸೆರೆವಾಸ ವಿಧಿಸಿತು. ಮಕ್ಕಳ ದೇಹದಲ್ಲಿ ಬರೆದುದನ್ನು ಅಳಿಸುವ ನ್ಯಾಯಾಲಯ ಎಲ್ಲಿಯೂ ಇಲ್ಲ.

ಲಸಿಕೆಗೆ, ಶಾಲೆಗೆ ಮಗುವಿನ ಒಪ್ಪಿಗೆ ಕೇಳುವರೇ ಎಂಬ ತಕರಾರು ಸುಲಭ. ಲಸಿಕೆ ಪರೀಕ್ಷಿತವಾದುದು, ಶಾಲೆಯನ್ನು ಮಗು ಮುಂದೆ ಬಿಡಬಹುದು. ಈ ತಿದ್ದುಪಡಿಯಾದರೋ ಮೊಮ್ಮಕ್ಕಳವರೆಗೂ ದಾಟಬಲ್ಲದು.

ಕರ್ಮವೇ ದೇಹವನ್ನು ನಿರ್ಮಿಸುವುದರಿಂದ ಚಿಕಿತ್ಸೆಯೇ ಸಲ್ಲದೆನ್ನುವವರ ಮಾತೂ ನಿಲ್ಲದು. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸಿದ ಧರ್ಮವಿದು. 2023ರಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿದ ಸಿಕಲ್ ಸೆಲ್ ಚಿಕಿತ್ಸೆ ರೋಗಿಯದೇ ರಕ್ತದ ಮೂಲಕೋಶಗಳನ್ನು ತಿದ್ದುತ್ತದೆ. ಬದಲಾವಣೆ ಸಂತತಿಗೆ ದಾಟದೆ ಆ ದೇಹದೊಡನೆಯೇ ಮುಗಿಯುತ್ತದೆ. ಅದಕ್ಕೆ ಯಾರ ಆಕ್ಷೇಪ?

ಚೀನದ ಕಥೆ ಇಲ್ಲಿಗೇಕೆಂದು ಕೇಳುವ ಶ್ರಾವಕರು ಮನೆಯ ಲೆಕ್ಕವನ್ನು ನೋಡಲಿ. ಭಾರತದಲ್ಲಿ ರೋಗಪತ್ತೆಗೆಂದು ಬಂದ ಗರ್ಭಪರೀಕ್ಷೆ ಹೆಣ್ಣುಭ್ರೂಣಗಳಿಗೆ ಮೃತ್ಯುವಾಯಿತು. 1994ರಲ್ಲಿ ಕಾನೂನೇ ಬರಬೇಕಾಯಿತು. 2001ರ ಜನಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ದೇಶದ ಸರಾಸರಿ 927 ಹೆಣ್ಣುಗಳಿದ್ದರೆ, ಜೈನರಲ್ಲಿ 870. ನೀರು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಮನೆಗಳ ಲೆಕ್ಕವಿದು! ಲಿಂಗವನ್ನು ಆರಿಸಿದ ಕೈ ನಾಳೆ ಎತ್ತರವನ್ನೂ ಮೈಬಣ್ಣವನ್ನೂ ಆರಿಸಲು ಹಿಂಜರಿಯುವುದೇ? ವಧೂವರರ ಪ್ರಕಟಣೆಗಳಿಂದ ‘ಗೌರವರ್ಣ’ ಇನ್ನೂ ಮಾಯವಾಗಿಲ್ಲ.

ಆಸ್ಪತ್ರೆಗಳಿಗೆ ದ್ರವ್ಯ ನೀಡುವ ಬಸದಿಗಳ ಟ್ರಸ್ಟುಗಳು, ಆ ಹಣ ರೋಗಿಯ ಹಾಸಿಗೆಗೆ ಸಲ್ಲುವುದೋ ಭ್ರೂಣಗಳನ್ನು ಹೆಕ್ಕುವ ಪ್ರಯೋಗಶಾಲೆಗೋ ಎಂಬುದನ್ನು ದಾನಪತ್ರಕ್ಕೆ ಸಹಿಮಾಡುವ ಮುನ್ನವೇ ಲಿಖಿತವಾಗಿ ಕೇಳಿ ಪಡೆಯಬೇಕು.