ಸೈಕಲ್ಲಿನ ಅತಿಥಿಯೂ ಕನ್ನಡಿಗರ ಬಾಗಿಲೂ

ಹಿಂದೆ ಮುಂದೆ ಚೀಲಗಳನ್ನು ತೂಗಹಾಕಿದ ಸೈಕಲ್ಲುಗಳ ಮೇಲೆ, ಬಿಸಿಲಿನಿಂದ ಕೆಂಪಾದ ಮುಖದ ಪರದೇಶದ ತರುಣ ತರುಣಿಯರು ಗೋವೆಯ ಕಡೆಯಿಂದ ಕಾರವಾರ, ಗೋಕರ್ಣ, ಹೊನ್ನಾವರಗಳ ಮೇಲೆ ಮಂಗಳೂರಿಗೆ ಸಾಗುವದನ್ನು ನಮ್ಮ ಕರಾವಳಿಯವರು ಬಲ್ಲರು. ಜನರು ಅವರನ್ನು ಕಂಡು ನಿಲ್ಲುತ್ತಾರೆ, ಊರು ಯಾವುದೆಂದು ಕೇಳುತ್ತಾರೆ, ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಕೈ ಬೀಸಿ ಬೀಳ್ಕೊಡುತ್ತಾರೆ. ಆ ರಾತ್ರಿ ಅವರು ಎಲ್ಲಿ ಮಲಗುವರೆಂದು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ? ಈ ಪ್ರಶ್ನೆಯನ್ನು ವಾಚಕರ ಮುಂದಿಡಬೇಕೆಂದು ನಾವು ಬಹುದಿನಗಳಿಂದ ಎಣಿಸಿದ್ದೆವು.

ಈ ಪ್ರವಾಸಿಗಳಿಗೆ ಮನೆಯಲ್ಲಿ ಪುಕ್ಕಟೆಯಾಗಿ ಇಳಿಯಲು ಎಡೆ ಕೊಡುವ ಒಂದು ಪದ್ಧತಿ ಲೋಕದಲ್ಲಿ ಬೆಳೆದಿದೆ. 1993ರಲ್ಲಿ ಆರಂಭವಾದ 'ವಾರ್ಮ್‌ಷವರ್ಸ್' ಎಂಬ ಕೂಟವು ಮೊದಲು ಕೇವಲ ಹೆಸರುಗಳ ಒಂದು ಪಟ್ಟಿಯಾಗಿತ್ತು. ಕೆನಡಾ ದೇಶದ ಒಬ್ಬ ಸೈಕಲ್ ಪ್ರವಾಸಿಯು ಅದನ್ನು ವರ್ಷಗಟ್ಟಲೆ ಕಾಪಾಡಿದನು. ಇಂದು ನಾನು ನಿನಗೆ ಎಡೆ ಕೊಡುವೆನು, ನಾಳೆ ನಾನು ದಾರಿ ಹಿಡಿದಾಗ ಮತ್ತೊಬ್ಬನು ನನಗೆ ಕೊಡುವನು ಎಂಬುದೇ ಅದರ ಕರಾರು. ಹೆಸರಿನ ಅರ್ಥವೇನು? ಬಿಸಿನೀರಿನ ಸ್ನಾನ! ದಿನವಿಡೀ ತುಳಿದು ಬಂದವನಿಗೆ ಊಟಕ್ಕಿಂತ ಮೊದಲು ಬೇಕಾದದ್ದು ಅದೇ. ಹಂಡೆಯ ನೀರನ್ನೂ ಬಚ್ಚಲನ್ನೂ ಅತಿಥಿಗೆ ಮೊದಲು ತೋರಿಸುವ ನಮ್ಮ ಹಳ್ಳಿಯ ಮುದುಕಿಯರಿಗೆ ಈ ತತ್ವವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಈಚಿನ ವರ್ಷಗಳಲ್ಲಿ ಆ ಕೂಟವು ಹೊಸ ಸದಸ್ಯರಿಂದ ಶುಲ್ಕ ತೆಗೆದುಕೊಳ್ಳಹತ್ತಿದಾಗ ಹಳೆಯ ಸದಸ್ಯರಲ್ಲಿ ಅನೇಕರು ಮುನಿದರು. ಅವರ ಮುನಿಸು ನಮಗೆ ತಿಳಿಯುವಂಥದೇ. ಆದರೂ ಮನೆಯೊಡೆಯನು ಅತಿಥಿಯಿಂದ ಕಾಸು ಮುಟ್ಟಬಾರದೆಂಬ ಕಟ್ಟು ಇನ್ನೂ ಉಳಿದಿದೆ. ಪೆರು ದೇಶದ ತ್ರುಹಿಯೋ ಪಟ್ಟಣದಲ್ಲಿ 1985ರಿಂದ ಒಬ್ಬ ಸದ್ಗೃಹಸ್ಥನು ತನ್ನ ಮನೆಯನ್ನೇ 'ಸೈಕಲ್ಲಿನವರ ಮನೆ' ಮಾಡಿದನು. ಹಾದುಹೋದವರು ಬರೆದಿಟ್ಟ ನುಡಿಗಳಿಂದ ಅವನ ವಹಿಗಳು ತುಂಬಿದವು.

ನಮ್ಮ ದೇಶದವರು ಈ ಸಾಹಸಕ್ಕೆ ಹೊಸಬರಲ್ಲ. 1923ರ ಅಕ್ಟೋಬರ 15ರಂದು ಮುಂಬಯಿಯಿಂದ ಆರು ಜನ ಪಾರಸಿ ತರುಣರು ಸೈಕಲ್ಲಿನ ಮೇಲೆ ಭೂಪ್ರದಕ್ಷಿಣೆಗೆ ಹೊರಟರು. ಅದಿ ಹಕೀಮ, ಜಾಲ ಬಾಪಾಸೋಲಾ, ರುಸ್ತುಂ ಭೂಮಗಾರಾ ಎಂಬ ಮೂವರು ಸುಮಾರು 44,000 ಮೈಲು ತುಳಿದು 1928ರ ಮಾರ್ಚಿನಲ್ಲಿ ತಿರುಗಿ ಬಂದರು. ಪರಾಧೀನ ರಾಷ್ಟ್ರದ ಮಕ್ಕಳು ಪರರ ನಾಡುಗಳಲ್ಲಿ ಹೀಗೆ ತಲೆಯೆತ್ತಿ ನಡೆದದ್ದು ಸಣ್ಣ ಮಾತಲ್ಲ.

ಇದಕ್ಕಿಂತಲೂ ನಮ್ಮನ್ನು ಹೆಚ್ಚು ಚಿಂತನೆಗೆ ಹಚ್ಚುವದು 1962ರ ಒಂದು ಪ್ರಸಂಗ. ಆಗ ಬೆಂಗಳೂರಿನಲ್ಲಿದ್ದ ಸತೀಶಕುಮಾರ ಮತ್ತು ಇ. ಪಿ. ಮೆನನ್ ಎಂಬ ಇಬ್ಬರು ತರುಣರು, ಅಣುಬಾಂಬಿನ ವಿರುದ್ಧ ಮಾಸ್ಕೋ, ಪ್ಯಾರಿಸ, ಲಂಡನ, ವಾಶಿಂಗ್ಟನಗಳಿಗೆ ಪಾದಯಾತ್ರೆ ಹೊರಟರು. ವಿನೋಬಾ ಅವರು ಕೊಟ್ಟ ಬುದ್ಧಿವಾದ ವಿಚಿತ್ರವಾಗಿತ್ತು: ಕೈಯಲ್ಲಿ ದುಡ್ಡು ಇಟ್ಟುಕೊಳ್ಳಬೇಡಿರಿ! ದುಡ್ಡಿದ್ದವನು ಸಂಜೆಗೆ ಖಾನಾವಳಿಯನ್ನೂ ಲಾಡ್ಜನ್ನೂ ಹುಡುಕುತ್ತಾನೆ. ಇಲ್ಲದವನು ಮನುಷ್ಯರನ್ನು ಹುಡುಕಬೇಕಾಗುತ್ತದೆ. ಪುಕ್ಕಟೆ ಆತಿಥ್ಯದ ಒಳಗುಟ್ಟು ಇಲ್ಲಿಯೇ ಇದೆಯೆಂದು ನಮ್ಮ ಎಣಿಕೆ. ಸಾವಿರಾರು ರೂಪಾಯಿ ಬೆಲೆಯ ಸೈಕಲ್ಲಿನವನಿಗೆ ಪುಕ್ಕಟೆ ಊಟವೇಕೆ ಎಂದು ನಮ್ಮ ಸ್ನೇಹಿತರೊಬ್ಬರು ಕೇಳಿದರು. ಊಟವನ್ನು ಕೊಂಡುಕೊಳ್ಳಲು ಅವನು ಬಲ್ಲನು, ಸ್ವಾಮಿ. ಪಡಸಾಲೆಯಲ್ಲಿ ಕುಳಿತು ಮನೆಯ ಮಕ್ಕಳೊಡನೆ ಆಡುವ ಎರಡು ಮಾತನ್ನು ಎಲ್ಲಿ ಕೊಂಡುಕೊಂಡಾನು?

ಆದರೆ ನಮ್ಮ ಆತಿಥ್ಯದ ಬಡಾಯಿಯನ್ನು ನಾವೇ ಕೊಚ್ಚಿಕೊಳ್ಳುವ ಮೊದಲು ಎರಡು ಕಹಿ ಮಾತುಗಳನ್ನು ಆಡಲೇಬೇಕು. ನಮ್ಮ ಹಿರಿಯರ ಆತಿಥ್ಯವು ದೊಡ್ಡದಾಗಿತ್ತು ನಿಜ. ವಾರಾನ್ನ ಉಂಡು ಓದಿ ದೊಡ್ಡವರಾದವರು ಈ ನಾಡಿನಲ್ಲಿ ಅಸಂಖ್ಯರು. ಆದರೂ ಅದು ಜಾತಿ ಕೇಳಿ ಎಲೆ ಹಾಕುತ್ತಿತ್ತು. ಕೆಲವರಿಗೆ ಪಡಸಾಲೆ, ಕೆಲವರಿಗೆ ಕಟ್ಟೆ, ಕೆಲವರಿಗೆ ಅಂಗಳವೂ ಇಲ್ಲ. ಬಸವಣ್ಣನವರ ದಾಸೋಹದ ನಾಡಿನಲ್ಲಿ ಹೀಗಾಯಿತೆಂಬುದನ್ನು ಮರೆಮಾಚಿ ಫಲವಿಲ್ಲ. ಬಿಳಿಯ ತೊಗಲಿನ ಅತಿಥಿಗೆ ಒಳಮನೆಯಲ್ಲಿ ಮಣೆ ಹಾಕಿ, ರಾಯಚೂರಿನ ಕಡೆಯಿಂದ ಸೈಕಲ್ಲಿನ ಮೇಲೆ ಬಂದ ದಲಿತ ವಿದ್ಯಾರ್ಥಿಗೆ 'ಮುಂದಿನ ಊರಿನಲ್ಲಿ ನೋಡಪ್ಪಾ' ಎನ್ನುವದಾದರೆ ಅಂಥ ಆತಿಥ್ಯವು ನಮಗೆ ಬೇಡವೇ ಬೇಡ.

ಎರಡನೆಯದು ಇನ್ನೂ ಕಹಿಯಾದುದು. 2025ರ ಮಾರ್ಚ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯ ಸಾಣಾಪುರದ ಹತ್ತಿರ, ತುಂಗಭದ್ರೆಯ ಕಾಲುವೆಯ ದಂಡೆಯಲ್ಲಿ ರಾತ್ರಿ ಕುಳಿತಿದ್ದ ಪ್ರವಾಸಿಗಳ ಮೇಲೆ ದುಷ್ಟರು ಬಿದ್ದರು. ಗಂಡಸರನ್ನು ಕಾಲುವೆಗೆ ನೂಕಿದರು. ಒಡಿಸ್ಸಾದ ಒಬ್ಬ ಯುವಕನು ಮುಳುಗಿ ಸತ್ತನು. ಇಸ್ರೇಲಿನಿಂದ ಬಂದ ಹೆಣ್ಣುಮಗಳೂ ಅವಳಿಗೆ ಬಿಡಾರ ಕೊಟ್ಟ ಹೆಣ್ಣುಮಗಳೂ ಅತ್ಯಾಚಾರಕ್ಕೆ ಈಡಾದರು. ವಿಜಯನಗರದ ವೈಭವವನ್ನು ನೋಡಬಂದವರಿಗೆ ಕನ್ನಡ ನೆಲದಲ್ಲಿ ದೊರೆತದ್ದು ಇದು! ನಾವು ಬಾಗಿಲು ತೆರೆಯಬೇಕೆನ್ನುವದು ಕೇವಲ ಔದಾರ್ಯದ ಮಾತಲ್ಲ. ಬಯಲಲ್ಲಿ ಡೇರೆ ಹೊಡೆಯುವವಳಿಗಿಂತ ಒಂದು ಸಂಸಾರದ ಮನೆಯಲ್ಲಿ ಮಲಗಿದವಳು ಹೆಚ್ಚು ನಿರ್ಭಯಳು. ಅವಳು ಆ ಮನೆಯ ಅತಿಥಿಯೆಂದು ಊರಿಗೆ ತಿಳಿದರೆ ಊರೇ ಅವಳ ಕಾವಲು.

ಅಂಜಿಕೆ ಮನೆಯವರಿಗೂ ಉಂಟು. ಅಪರಿಚಿತನನ್ನು ಒಳಗೆ ಕರೆಯುವದು ಹೇಗೆ? ಕೂಟದ ಪಟ್ಟಿಗಳಲ್ಲಿ ಹಿಂದೆ ಇಳಿಸಿಕೊಂಡವರ ಅಭಿಪ್ರಾಯವು ಬರೆದಿರುತ್ತದೆ, ಅದನ್ನು ಓದಬೇಕು. ಮನಸ್ಸಿಗೆ ಬಾರದಿದ್ದರೆ ಇಲ್ಲವೆನ್ನಬೇಕು. ಹೆಂಗಸರೇ ಇರುವ ಮನೆಯವರು ಹೆಂಗಸರನ್ನು ಮಾತ್ರ ಇಳಿಸಿಕೊಂಡರೆ ಅದರಲ್ಲಿ ತಪ್ಪೇನು? ಇನ್ನು ಕಾಯದೆಯ ಮಾತು. ಇದರಲ್ಲಿ ನಮ್ಮ ಕಕ್ಷಿಗಾರರು ಮೇಲಿಂದ ಮೇಲೆ ತಪ್ಪು ತಿಳಿದಿರುತ್ತಾರೆ. ವಿದೇಶೀಯರನ್ನು ಇಳಿಸಿಕೊಂಡವರು 24 ಗಂಟೆಗಳೊಳಗೆ ನೋಂದಣಿ ಅಧಿಕಾರಿಗೆ ವರದಿ ಕೊಡಬೇಕು. 1946ರ ವಿದೇಶೀಯರ ಕಾಯದೆಯ 7ನೆಯ ಕಲಮು ಪ್ರತಿಫಲಕ್ಕಾಗಿ ಎಡೆ ಕೊಡುವವರ ಮಾತನ್ನು ಮಾತ್ರ ಆಡುತ್ತಿತ್ತು. ಹಾಗಾದರೆ ನಮಗೆ ಸಂಬಂಧವಿಲ್ಲವೆಂದು ಕೆಲವರು ವಾದಿಸಿದರು. ಸರಕಾರವಾದರೋ ಖಾಸಗಿ ಮನೆಗಳನ್ನೂ ಲೆಕ್ಕಕ್ಕೆ ಹಿಡಿಯುತ್ತ ಬಂದಿತು. ಆ ಕಾಯದೆಯು ಹೋಗಿ 2025ರ ಸಪ್ಟಂಬರ 1ರಿಂದ ವಲಸೆ ಮತ್ತು ವಿದೇಶೀಯರ ಹೊಸ ಕಾಯದೆಯು ಜಾರಿಗೆ ಬಂದಿದೆ. ವರದಿಯ ಹೊಣೆಯು ಉಳಿದೇ ಇದೆ. ವರದಿಯನ್ನು ಮನೆಯಲ್ಲಿ ಕುಳಿತೇ ಕಳಿಸಬಹುದು. ಪಾಸಪೋರ್ಟು, ವೀಸಾಗಳನ್ನು ನೋಡಿ ಬರೆದು ಕಳಿಸುವಷ್ಟೇ ಕೆಲಸ. ಉಪ್ಪಿನ ಕಾಯದೆಯನ್ನು ಮುರಿದವರ ನಾಡಿನವರು ಈ ಕಾಯದೆಯನ್ನೂ ಮುರಿಯಬಹುದಲ್ಲವೇ ಎಂದು ತರುಣ ವಕೀಲರೊಬ್ಬರು ನಗೆಯಾಡಿದರು. ಅಂಕೋಲೆಯವರು 1930ರಲ್ಲಿ ಮುರಿದದ್ದು ಅನ್ಯಾಯದ ಕಾಯದೆಯನ್ನು. ಇದು ಬರಿಯ ಬೇಸರದ ಕಾಯದೆ.

ಅತಿಥಿ ಬರುವನೆಂದು ಗಂಡಸು ಫೋನಿನಲ್ಲಿ ಒಪ್ಪಿಕೊಂಡು, ರೊಟ್ಟಿ ಬಡಿಯುವ ಕೆಲಸವನ್ನು ಹೆಂಡತಿಯ ಪಾಲಿಗೆ ಬಿಡುವ ರೂಢಿಯನ್ನೂ ನಾವು ಬಲ್ಲೆವು. ಮನೆಯಾಕೆಯ ಒಪ್ಪಿಗೆಯಿಲ್ಲದೆ ಯಾರೂ ತಮ್ಮ ಹೆಸರನ್ನು ಪಟ್ಟಿಗೆ ಕೊಡಬಾರದು.

ಈ ಎಲ್ಲ ಮಾತಿಗೂ ಏಕೀಕರಣಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. 1956ರ ನವಂಬರ 1ರಂದು ಹಲವು ಆಡಳಿತಗಳಲ್ಲಿ ಹರಿದುಹೋಗಿದ್ದ ಕನ್ನಡ ಪ್ರಾಂತವು ನಕಾಶೆಯ ಮೇಲೆ ಒಂದಾಯಿತು. ಕಾಸರಗೋಡು, ಸೊಲ್ಲಾಪುರ, ಜತ್ತ, ಅಕ್ಕಲಕೋಟೆ, ಆದವಾನಿಗಳು ಹೊರಗುಳಿದವು. ಆದರೆ ಬೀದರದ ಎಷ್ಟು ಜನ ತರುಣರು ಕೊಡಗಿನ ಮನೆಯಲ್ಲಿ ಒಂದು ರಾತ್ರಿ ಕಳೆದಿದ್ದಾರೆ? ಕಾಸರಗೋಡಿನ ಕನ್ನಡ ಹುಡುಗನಿಗೆ ಬಿಜಾಪುರದ ಜೋಳದ ರೊಟ್ಟಿಯ ರುಚಿ ಗೊತ್ತೇ? ಒಂದೇ ನುಡಿಯ ಇಬ್ಬರು ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ನಗುವದೂ, ತಿದ್ದುವದೂ, ಕೊನೆಗೆ ತಿಳಿದುಕೊಳ್ಳುವದೂ ಊಟದ ಮಣೆಯ ಮೇಲೆಯೇ ಆಗತಕ್ಕದ್ದು. ಬಸ್ಸಿನವನು ಎರಡು ಊರುಗಳನ್ನು ಮಾತ್ರ ಕಾಣುತ್ತಾನೆ. ಸೈಕಲ್ಲಿನವನು ನಡುವಿನ ಪ್ರತಿಯೊಂದು ಹಳ್ಳಿಯ ಬಾವಿಯ ನೀರು ಕುಡಿಯುತ್ತಾನೆ.

ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 130 ಕಿಲೋಮೀಟರು. ಸಾಮಾನು ಹೊತ್ತ ಸೈಕಲ್ಲಿನವನು ಮೊದಲ ದಿನ ಯಲ್ಲಾಪುರವನ್ನು ಮುಟ್ಟಿದರೆ ಸಾಕು. ಅರಬೈಲ ಘಟ್ಟವನ್ನು ಕತ್ತಲಲ್ಲಿ ಇಳಿಯುವದು ಹುಚ್ಚುತನ. ಆದುದರಿಂದ ಯಲ್ಲಾಪುರದಲ್ಲಿ ಒಂದು ಬಾಗಿಲು ತೆರೆದಿರಬೇಕು. ಇಂಥ ಒಂದೊಂದು ದಾರಿಗೂ ನಾಲ್ಕಾರು ಮನೆಗಳ ಪಟ್ಟಿಯನ್ನು ಆಯಾ ಊರಿನ ಕನ್ನಡ ಸಂಘ, ವಾಚನಾಲಯಗಳು ಇಟ್ಟುಕೊಂಡರೆ ಪರದೇಶದ ಕೂಟದ ಹಂಗೂ ಬೇಕಾಗಿಲ್ಲ.

ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಸೈಕಲ್ಲುಗಳೂ ಎರಡು ಹಾಸಿಗೆಗಳೂ ಹಿಡಿಯುತ್ತವೆ. ಸಂಜೆ ಆರಕ್ಕೆ ಹಂಡೆಯಲ್ಲಿ ನೀರು ಕಾದಿರುತ್ತದೆ. ಬರುವವರು ಮಧ್ಯಾಹ್ನದೊಳಗೆ ತಿಳಿಸಿದರೆ ಸರಿ. ತಡವಾದರೆ ರೊಟ್ಟಿಯ ಬದಲು ಅವಲಕ್ಕಿ ತಿನ್ನಬೇಕಾಗುವದೆಂದು ಮನೆಯಾಕೆಯ ಎಚ್ಚರಿಕೆಯಿದೆ.